ಹಿಂಬದಿ

ಕೊಳ್ಳುವವರು ಮುಂಬದಿ ನೋಡುತ್ತಾರೆ.
ನಾನು ಮೊದಲು ಮಗುಚುತ್ತೇನೆ.

ಲ್ಯೂಡೆನ್‌ಷೈಡ್ ಊರಿನ ಗುಂಡಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಅಚ್ಚು ಕೊರೆದ ಕೈ ಇದು.
ಸತುವಿನ ಹದ್ದು, ತಗಡಿನ ಹದ್ದು,
ಬೆಳ್ಳಿನೀರು ಕುಡಿದ ಹದ್ದು,
ಯಾವುದರ ರೆಕ್ಕೆಗೆ ಎಷ್ಟು ಗರಿ ಅಂತ
ನಿದ್ದೆಯಲ್ಲೂ ಹೇಳಿಯೇನು.
ಹೇಳುತ್ತೀರಿ, ಅನ್ನುತ್ತಿದ್ದಳು ಹೆಂಡತಿ.
ನನಗಿಂತ ಮುಂಚೆ ಅದೇ ಒತ್ತುಯಂತ್ರದ ಮುಂದೆ
ನಮ್ಮಪ್ಪ ನಿಂತಿದ್ದ, ಯುದ್ಧದ ಆರೂ ವರ್ಷ.
ಹಾಗಾಗಿ ಕೆಲವು ಸಲ
ಅಸಲಿ ಅಂದರೆ ಅಪ್ಪನ ಕೆಲಸ.

ನಕಲಿಗೆ ಅವಸರ ಜಾಸ್ತಿ.
ಪಿನ್ನಿನ ಬುಡದಲ್ಲಿ ಬೆಸುಗೆ ಇನ್ನೂ ಎಳೆಯದು.
ಎರಕ ಹೊಯ್ದ ಹದ್ದು
ಮೂಲದ ಗೀರನ್ನೂ ಭಕ್ತಿಯಿಂದ ಹೊತ್ತಿರುತ್ತದೆ:
ಒಂದೇ ಗೀರು, ನೂರು ಎದೆಗೆ.
ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ
ಕೊಕ್ಕೆಶಿಲುಬೆಯ ಮೇಲೆ ಕಾನೂನಿಗಂಜಿ ಬಿಳಿ ಚೀಟಿ,
ಉಗುರು ತಾಕಿದರೆ ಏಳುವಷ್ಟೇ ಅಂಟು.
ನಿಜವಾ? ಎಂದು ಕೇಳುವವರ ಕಣ್ಣಲ್ಲಿ ಲಾಟರಿ.
ಅಲ್ಲ ಅಂದದ್ದಕ್ಕೆ
ವುಪರ್‌ಟಾಲ್‌ನ ಕ್ನ್ಯೋಪ್ಕೆ ಕಾಫಿಯ ದುಡ್ಡೂ ಕೊಡದೆ ಎದ್ದು ಹೋದ.

ಸುಳ್ಳು ತಾನೇ? ಎಂದು ಕೇಳಿದವಳು ಒಬ್ಬಳೇ,
ಸ್ವಾಂತ್ಯೆ ಓಲೆನ್‌ಡೋರ್ಫ್. ಮೂರು ರೈಲು ಬದಲಿಸಿ
ಲೇರ್‌ನಿಂದ ಬಂದಿದ್ದಳು, ಬ್ರೆಡ್ಡಿನ ಕಾಗದಚೀಲ ಹಿಡಿದು.
ಒಳಗೆ ತೋಳಪಟ್ಟಿ: ಓಕ್ ಎಲೆಯ ಸುತ್ತು, ನಡುವೆ ಹದ್ದು,
ಕಿತ್ತಳೆ ನೂಲು.
ಹೊಲಿಗೆ ಡಬ್ಬಿಯ ತಳದಲ್ಲಿ ಸಿಕ್ಕಿತಂತೆ.
'ತಾತ ಯುದ್ಧವಿಡೀ ಎಮ್ಡೆನ್‌ನಲ್ಲೇ ಇದ್ದ.
ಚೌಕದಲ್ಲಿ ನಿಂತು ಗಾಡಿಗಳಿಗೆ ಕೈ ತೋರಿಸುತ್ತಿದ್ದ.
ಇದನ್ನು ಯಾರೋ ಕಾರ್ನಿವಲ್‌ಗೆ ಕೊಂಡಿರಬೇಕು.'

ಹಳತಾಗಿ ಕಾಣಲೆಂದು ಚಹಾದಲ್ಲಿ ಅದ್ದುತ್ತಾರೆ, ಮೂಸಿ ನೋಡಿ, ಅಂದೆ.
ಮೂಸಿದಳು. ಬಹಳ ಹೊತ್ತು.
'ಚಹಾ ಅಲ್ಲ,' ಅಂದಳು. 'ನಾವು ಲೇರ್ ಕಡೆಯವರು,
ಚಹಾ ಗೊತ್ತಾಗುತ್ತೆ.'

ಪರದೆ ಎಳೆದೆ. ನೇರಳೆ ದೀಪ ಹಚ್ಚಿದೆ.
ಈಚಿನ ನೂಲು, ಈಚಿನ ಸೋಪು ಕಂಡ ಬಟ್ಟೆ
ಈ ಬೆಳಕಿಗೆ ಹಲ್ಲು ಬಿಡುತ್ತದೆ.
ಅವಳ ಕಾಲರು ಹೊಳೆಯಿತು, ನನ್ನ ತೋಳಿನ ಅಂಚು ಹೊಳೆಯಿತು,
ಮೇಜಿನ ಮೇಲಿನ ಧೂಳೆಳೆ ಕೂಡ ನೀಲಿಯಾಗಿ ಹೊಳೆಯಿತು.
ಪಟ್ಟಿಯೊಂದೇ ಸುಮ್ಮನಿತ್ತು,
ಹಗ್ಗ ಎಟುಕದ ಬಾವಿಯ ನೀರಿನ ಹಾಗೆ.

ಮಗುಚಿದೆ.
ಅಂಚಿನಲ್ಲಿ ಎರಡು ಸಾಲು ತೂತು: ಒಮ್ಮೆ ಬಿಚ್ಚಿ
ಇನ್ನೊಂದು ಕೋಟಿಗೆ ಹಾಕಿದ್ದಾರೆ.
ಕಚ್ಚಿಕೊಂಡಿದ್ದ ಉಣ್ಣೆ ದಪ್ಪ, ಚಳಿಗಾಲದ್ದು.
ಅರ್ಧಕ್ಕೆ ಹಸಿರು ದಾರ ಮುಗಿದು ಕಂದು ದಾರ.
'ಪಟ್ಟಣದ ಪೊಲೀಸಿಗೆ ಹಸಿರು,' ಅಂದೆ,
'ಕಿತ್ತಳೆ ಹಳ್ಳಿಗಾಡಿನ ಜೆಂಡರ್ಮೆರಿಯದು.
ಬಟ್ಟೆ ನಿಜ.
ಎಮ್ಡೆನ್ ಬಗ್ಗೆ ಬಟ್ಟೆಗೆ ಅನುಮಾನವಿದೆ.
ಎಲ್ಲಿಗೆ ಹೋಗಿದ್ದ, ಅಲ್ಲಿ ಏನು ಮಾಡಿದ, ನೂಲು ಹೇಳುವುದಿಲ್ಲ.
ಅದಕ್ಕೆ ಬೇರೆ ಕಡತಗಳಿವೆ, ಬೇರೆ ಕಟ್ಟಡ.'

ಅವಳು ಕೇಳದಿದ್ದರೂ
ಕಸುಬಿನ ಚಟ, ಬಾಯಿ ನಿಲ್ಲಲಿಲ್ಲ:
'ಹೊಲಿಗೆ ಉಲ್ಟಾ ವಾಲಿದೆ, ನೋಡಿ.
ದರ್ಜಿಯದಲ್ಲ, ಮನೆಯದು.
ಹೊಲಿದವರು ಎಡಚರು.'

ಕಾಫಿ ಬಟ್ಟಲು ಅರ್ಧ ದಾರಿಯಲ್ಲಿ ನಿಂತಿತು,
ಅವಳ ಎಡಗೈಯಲ್ಲಿ.

ನನ್ನ ಪ್ರಮಾಣಪತ್ರದಲ್ಲಿ ಎರಡೇ ಚೌಕ.
ಒಂದರಲ್ಲಿ ಗುರುತು ಹಾಕಿ ಮೊಹರೊತ್ತಿ ಕೊಟ್ಟೆ.
'ಕೊಳ್ಳುತ್ತೀರಾ?' ಅನ್ನಲಿಲ್ಲ ಅವಳು.
ಪಟ್ಟಿಯನ್ನು ಮತ್ತೆ ಬ್ರೆಡ್ಡಿನ ಚೀಲಕ್ಕಿಟ್ಟಳು,
ಬಾಯಿ ಎರಡು ಸುತ್ತು ಮಡಚಿ,
ನಾಳೆಯ ಬುತ್ತಿ ಕಟ್ಟಿದ ಹಾಗೆ.
ಹಣ ಎಣಿಸಿ ಇಟ್ಟಳು. ಕಾಗದ ಒಯ್ಯಲಿಲ್ಲ.

ಬಾಗಿಲು ಹಾಕಿದ ಮೇಲೆ ನೋಡಿದರೆ
ದೀಪ ಆರಿಸಿರಲಿಲ್ಲ ನಾನು.
ಕತ್ತಲಲ್ಲಿ ಬ್ರೆಡ್ಡಿನ ಪುಡಿ,
ಪಕ್ಕದಲ್ಲಿ ನನ್ನ ಮೊಹರು, ನನ್ನ ಸಹಿ,
ಅಸಲಿ ಎಂಬ ಅಕ್ಷರ.
ಹೊಸ ಕಾಗದವಲ್ಲವೇ,
ಹೊಳೆಯುತ್ತಿತ್ತು, ನಕಲಿಯ ಹಾಗೆ.